ಮಣ್ಣಿನ ಗೋಡೆಯೂ ಹನ್ನೆರಡೂವರೆ ಸೆಂಟಿಮೀಟರಿನ ಅಲೆಯೂ

ನರಗುಂದದ ಎರೆಯ ಸೀಮೆಯಲ್ಲಿ ಹೆಸರು ಬಿಡಿಸಿ ತಂದು ಅಂಗಳದಲ್ಲಿ ಹರವಿದ ದಿನಗಳಲ್ಲಿಯೂ, ಹತ್ತಿಯ ಅಂಡಿಗೆಗಳು ಪಡಸಾಲೆಯನ್ನು ತುಂಬಿ ಕಟ್ಟೆಯವರೆಗೆ ಬಂದು ನಿಂತ ದಿನಗಳಲ್ಲಿಯೂ, ಮನೆಯವರಲ್ಲಿ ಒಬ್ಬರಾದರೂ ರಾತ್ರಿ ಎಚ್ಚರವಿರುವುದು ಹಿಂದಿನಿಂದ ನಡೆದುಬಂದ ರೂಢಿ. ಚಿಕ್ಕನರಗುಂದದಂತಹ ಗ್ರಾಮಗಳಲ್ಲಿಯೂ ಈಗ ಆ ಕಾವಲಿನ ಭಾರದಲ್ಲಿ ಒಂದು ಪಾಲನ್ನು ತಲೆಬಾಗಿಲ ಮೇಲೆ ನಿಲ್ಲಿಸಿದ ಮುಷ್ಟಿಗಾತ್ರದ ಕ್ಯಾಮೆರಾ ಹೊರತೊಡಗಿದೆ; ಹುಬ್ಬಳ್ಳಿಯಲ್ಲಿಯೋ ಬೆಂಗಳೂರಿನಲ್ಲಿಯೋ ಉದ್ಯೋಗದಲ್ಲಿರುವ ಮಗನು ಮಲಗುವ ಮುನ್ನ ಮೊಬೈಲು ತೆರೆದು, ವೃದ್ಧ ತಂದೆತಾಯಿಗಳಿರುವ ಮನೆಯ ಅಂಗಳವನ್ನು ನೋಡಿ ಸಮಾಧಾನಪಡುತ್ತಾನೆ. ಆ ಸಮಾಧಾನಕ್ಕೆ ಭಂಗ ಬರುವುದು ಕಳ್ಳರಿಂದ ಅಪರೂಪಕ್ಕೆ, ಕ್ಯಾಮೆರಾದಿಂದಲೇ ಅಡಿಗಡಿಗೆ. "ಅಪ್ಪಾ, ಕ್ಯಾಮೆರಾ ಮತ್ತ ಆಫ್‌ಲೈನ್ ಅಂತ ತೋರಸಾಕತ್ತೈತಿ, ಒಮ್ಮೆ ಬಂದ್ ಮಾಡಿ ಚಾಲೂ ಮಾಡ್ರಿ" ಎಂದು ದೂರದಿಂದ ಕರೆ ಬರುತ್ತದೆ. ಬಂದ್ ಮಾಡಿ ಚಾಲೂ ಮಾಡಿದರೆ ಒಂದೆರಡು ತಾಸು ಸರಿಯಾಗಿ ನಡೆದು ಪುನಃ ನಿಲ್ಲುತ್ತದೆ. ಕಡೆಗೆ ಯಂತ್ರವೇ ಕೆಟ್ಟದ್ದೆಂದು ತೀರ್ಮಾನಿಸಿ ಹೊಸದನ್ನು ಕೊಳ್ಳುತ್ತಾರೆ, ಅದೂ ಅದೇ ಜಾಗದಲ್ಲಿ ಅದೇ ರೀತಿ ನಿಲ್ಲುತ್ತದೆ. ಇಂತಹ ಪ್ರಸಂಗಗಳಲ್ಲಿ ಬಹುಪಾಲು ದೋಷವು ಯಂತ್ರದಲ್ಲಿರದೆ ಅದರ ಅಲೆಗಳು ಸಾಗುವ ಮಾರ್ಗದಲ್ಲಿಯೂ ಅದಕ್ಕೆ ವಿದ್ಯುತ್ತನ್ನು ಒದಗಿಸುವ ತಂತಿಯಲ್ಲಿಯೂ ಇರುತ್ತದೆಂಬುದನ್ನು ಮನಗಾಣಿಸುವುದೇ ಈ ಲೇಖನದ ಉದ್ದೇಶ.

ವೈಫೈ ಎಂಬುದು ರೇಡಿಯೋ ಅಲೆಯೇ ಹೊರತು ಬೇರೆ ಏನೂ ಅಲ್ಲ. 1895ರಲ್ಲಿ ಜಗದೀಶಚಂದ್ರ ಬೋಸರು ಕಲಕತ್ತೆಯಲ್ಲಿ, ಕಣ್ಣಿಗೆ ಕಾಣದ ವಿದ್ಯುತ್ಕಾಂತ ಅಲೆಗಳನ್ನು ಗೋಡೆಗಳ ಆಚೆಗೆ ದಾಟಿಸಿ, ದೂರದ ಕೋಣೆಯಲ್ಲಿದ್ದ ಗಂಟೆಯನ್ನು ಬಾರಿಸಿ, ಮದ್ದನ್ನು ಸಿಡಿಸಿ ತೋರಿಸಿದಾಗ ನೆರೆದ ಸಭೆ ವಿಸ್ಮಯಗೊಂಡಿತು. ಇಂದು ನಮ್ಮ ಮನೆಯ ರೌಟರು ಹೊಮ್ಮಿಸುವುದು ಅದೇ ಕುಲದ ಅಲೆಗಳನ್ನು. ಒಂದು ಸೆಕೆಂಡಿಗೆ ಸುಮಾರು 240 ಕೋಟಿ ಸಲ ಕಂಪಿಸುವ, ಅಂದರೆ 2.4 ಗಿಗಾಹರ್ಟ್ಸ್ ಆವೃತ್ತಿಯ ಅಲೆಯ ಉದ್ದ ಹನ್ನೆರಡೂವರೆ ಸೆಂಟಿಮೀಟರು. 5 ಗಿಗಾಹರ್ಟ್ಸ್ ಅಲೆಯ ಉದ್ದ ಅದರ ಅರ್ಧಕ್ಕಿಂತ ತುಸು ಕಡಮೆ. ಎರಡನೆಯದು ಹೆಚ್ಚು ಸುದ್ದಿಯನ್ನು ಹೊರಬಲ್ಲದಾದರೂ ಗೋಡೆಯನ್ನು ಭೇದಿಸುವುದರಲ್ಲಿ ದುರ್ಬಲ. ಆದಕಾರಣ ಹೊರಬಾಗಿಲ ಕ್ಯಾಮೆರಾಕ್ಕೆ ಮೊದಲನೆಯದೇ ಯುಕ್ತ. ಅಗ್ಗದ ಕ್ಯಾಮೆರಾಗಳಲ್ಲಿ ಅನೇಕವು ಅದೊಂದನ್ನೇ ಬಲ್ಲವು. ರೌಟರಿನಲ್ಲಿ ಈ ಎರಡು ಆವೃತ್ತಿಗಳಿಗೂ ಒಂದೇ ಹೆಸರಿದ್ದು ಕ್ಯಾಮೆರಾ ಜೋಡಣೆಯಾಗಲು ತೊಡಕಾದರೆ, ಎರಡಕ್ಕೂ ಬೇರೆ ಬೇರೆ ಹೆಸರಿಟ್ಟು, ಕ್ಯಾಮೆರಾವನ್ನು 2.4ರ ಹೆಸರಿಗೆ ಸೇರಿಸುವುದು ಉತ್ತಮ.

ಈಗ ಗೋಡೆಯ ವಿಚಾರ. ಎರೆಯ ನಾಡಿನ ಹಳೆಯ ಮನೆಗಳ ಗೋಡೆಗಳು ಕಲ್ಲುಮಣ್ಣಿನವು; ಒಂದೂವರೆ ಎರಡು ಅಡಿ ದಪ್ಪವಾಗಿದ್ದು, ಮೇಲೆ ತೊಲೆ ಜಂತಿಗಳ ಮೇಲೆ ಮಣ್ಣು ಹೊದಿಸಿದ ಮೇಲ್ಮುದ್ದೆ. ಬೇಸಗೆಯ ಉರಿಯನ್ನು ಒಳಗೆ ಬಿಡದ ಈ ಅದ್ಭುತ ರಚನೆಯನ್ನು ನಮ್ಮ ಹಿರಿಯರು ಮನುಷ್ಯರ ಸುಖಕ್ಕಾಗಿ ಕಟ್ಟಿದರೇ ವಿನಾ ರೇಡಿಯೋ ಅಲೆಗಳ ಸಂಚಾರಕ್ಕಾಗಿ ಅಲ್ಲ. ಒಣಮಣ್ಣು ಅಲೆಯನ್ನು ಸ್ವಲ್ಪಮಟ್ಟಿಗೆ ಹೀರುತ್ತದೆ. ಹಸಿಮಣ್ಣು ಬಹಳವಾಗಿ ಹೀರುತ್ತದೆ, ಏಕೆಂದರೆ ನೀರಿನ ಅಣುಗಳು ಅಲೆಯ ವಿದ್ಯುತ್ ಕ್ಷೇತ್ರಕ್ಕೆ ತಕ್ಕಂತೆ ತಿರುಗಾಡುತ್ತ ಅದರ ಶಕ್ತಿಯನ್ನು ಶಾಖವಾಗಿ ಮಾರ್ಪಡಿಸುತ್ತವೆ. ಬೇಸಗೆಯಲ್ಲಿ ನಿರಾತಂಕವಾಗಿ ನಡೆದ ಕ್ಯಾಮೆರಾ ಶ್ರಾವಣದ ಜಿಟಿಮಳೆಯಲ್ಲಿ ಗೋಡೆ ನೆನೆದ ಮೇಲೆ ತಡವರಿಸುವುದಕ್ಕೆ ಇದೇ ಕಾರಣವಾಗಿರಬಹುದು. ಹೊಸ ಮನೆಗಳಲ್ಲಿ ಕಾಂಕ್ರೀಟಿನೊಳಗಿನ ಕಬ್ಬಿಣದ ಸರಳುಗಳೂ, ದನದ ಕೊಟ್ಟಿಗೆಯ ಮೇಲಿನ ತಗಡುಗಳೂ, ಅಂಗಳದಲ್ಲಿ ನಿಂತ ಟ್ರ್ಯಾಕ್ಟರಿನ ಟ್ರೇಲರೂ ಅಲೆಯನ್ನು ಹೀರುವುದಕ್ಕಿಂತ ಮಿಗಿಲಾಗಿ ಹಿಂದಕ್ಕೆ ದೂಡುತ್ತವೆ.

ಕ್ಯಾಮೆರಾವನ್ನು ನೋಡುವ ಆ್ಯಪಿನಲ್ಲಿ ಸಿಗ್ನಲ್ಲಿನ ಬಲವನ್ನು ತೋರಿಸುವ ಒಂದು ಋಣಸಂಖ್ಯೆ ಇರುವುದುಂಟು. ಮೈನಸ್ 50 ಎಂದರೆ ಪುಷ್ಟವಾದ ಸಂಕೇತ. ಮೈನಸ್ 65ರವರೆಗೆ ಚಿಂತೆಯಿಲ್ಲ. ಮೈನಸ್ 70ನ್ನು ದಾಟಿ 80ರತ್ತ ಸರಿದರೆ ಚಿತ್ರ ಹರಿದುಹೋಗುವುದು ಬಹುತೇಕ ಖಂಡಿತ. ಈ ಮಾನದಲ್ಲಿ ಪ್ರತಿ 10 ಅಂಕ ಇಳಿದಾಗಲೂ ಶಕ್ತಿಯು ಹತ್ತರಲ್ಲಿ ಒಂದಂಶಕ್ಕೆ ಕುಗ್ಗುತ್ತದೆ. ಮೈನಸ್ 70 ಎಂದರೆ ಒಂದು ವ್ಯಾಟಿನ ಸಾವಿರ ಕೋಟಿಯಲ್ಲಿ ಒಂದಂಶ! ಅಷ್ಟು ಕ್ಷೀಣವಾದ ಸ್ಪಂದನದಿಂದಲೂ ಚಿತ್ರವನ್ನು ಆಯ್ದುಕೊಳ್ಳಬಲ್ಲ ಯಂತ್ರದ ಸೂಕ್ಷ್ಮತೆಯನ್ನು ನೆನೆದರೆ ಅದನ್ನು ದೂಷಿಸಲು ಮನಸ್ಸೇ ಬಾರದು.

ಗೋಡೆ, ತಗಡು, ನೆಲ ಇವುಗಳಿಂದ ಪ್ರತಿಫಲಿಸಿದ ಅಲೆಗಳು ನೇರವಾಗಿ ಬಂದ ಅಲೆಯೊಡನೆ ಕೂಡಿ, ಕೆಲವೆಡೆ ಪರಸ್ಪರ ಪುಷ್ಟಿಗೊಳಿಸಿ, ಕೆಲವೆಡೆ ಒಂದನ್ನೊಂದು ಅಳಿಸಿಹಾಕುತ್ತವೆ. ಇಂತಹ ಪ್ರತಿಧ್ವನಿಗಳ ಗೊಂದಲದ ನಡುವೆಯೂ ಸುದ್ದಿಯನ್ನು ಕೆಡದಂತೆ ಸಾಗಿಸುವ ಉಪಾಯಕ್ಕೆ ಆಸ್ಟ್ರೇಲಿಯದ ಸಿಎಸ್‌ಐಆರ್‌ಓ ಸಂಸ್ಥೆಯ ಜಾನ್ ಓ'ಸಲಿವನ್ ಮತ್ತು ಸಂಗಡಿಗರು ದುಡಿದು 1996ರಲ್ಲಿ ಅಮೆರಿಕದ ಪೇಟೆಂಟನ್ನು ಪಡೆದರು. ನಕ್ಷತ್ರಲೋಕದ ಮಂದ ರೇಡಿಯೋ ಸಂಕೇತಗಳನ್ನು ಅರಸಿದ ಅನುಭವ ಓ'ಸಲಿವನ್ನರ ಬೆನ್ನಿಗಿತ್ತು. ಆದರೂ ಅಲೆಗಳು ಪೂರ್ತಿಯಾಗಿ ಅಳಿದ ಬಿಂದುವಿನಲ್ಲಿ ಆ ಉಪಾಯವೂ ನಿಸ್ಸಹಾಯ. ಅಲೆಯುದ್ದದ ಕಾಲುಭಾಗ, ಅಂದರೆ ಮೂರು ಸೆಂಟಿಮೀಟರು ಸರಿಸಿದರೆ ಶೂನ್ಯಸ್ಥಾನವು ಪುಷ್ಟಸ್ಥಾನವಾಗುವ ಸಂಭವವುಂಟು. ಆದಕಾರಣ ಕ್ಯಾಮೆರಾವನ್ನು ಬದಲಾಯಿಸುವ ಮೊದಲು, ಆ ಸಂಖ್ಯೆಯನ್ನು ನೋಡುತ್ತ ಅದನ್ನು ಎರಡು ಬೆರಳು, ನಾಲ್ಕು ಬೆರಳು, ಒಂದು ಗೇಣು ಆಚೀಚೆ ಸರಿಸಿ ಪರೀಕ್ಷಿಸಬೇಕು. ಅಂತೆಯೇ ಟ್ರೆಜರಿಯ ಒಳಗೋ ಟಿವಿಯ ಹಿಂದೆಯೋ ಅವಿತಿರುವ ರೌಟರನ್ನು ಹೊರತೆಗೆದು, ತಲೆಗಿಂತ ಎತ್ತರದಲ್ಲಿ, ಬಾಗಿಲಿಗೆ ನೇರವಾದ ಸ್ಥಳದಲ್ಲಿ ಇರಿಸಬೇಕು. ಅಲೆಗೆ ಎರಡು ಅಡಿಯ ಗೋಡೆಗಿಂತ ತೆರೆದ ಬಾಗಿಲು ಎಷ್ಟೋ ಸುಗಮ.

"ಕ್ಯಾಮೆರಾ ಇರುವಲ್ಲಿ ನಿಂತರೆ ಮೊಬೈಲಿನಲ್ಲಿ ನೆಟ್ ಚೆನ್ನಾಗಿಯೇ ಬರುತ್ತದಲ್ಲ" ಎಂಬ ಆಕ್ಷೇಪಣೆಯನ್ನು ಅನೇಕರು ಎತ್ತುತ್ತಾರೆ. ಮೊಬೈಲು ಮುಖ್ಯವಾಗಿ ಕೇಳುವ ಯಂತ್ರ. ಕ್ಯಾಮೆರಾ ಹೇಳುವ ಯಂತ್ರ. ಚಾವಡಿಯಲ್ಲಿ ಹಲವರು ಕೂಡಿದಾಗ ಒಬ್ಬನ ಮಾತು ಮುಗಿಯುವವರೆಗೆ ಮತ್ತೊಬ್ಬನು ಕಾಯುವಂತೆ, ವೈಫೈ ಯಂತ್ರಗಳೂ ಮೊದಲು ಆಲಿಸಿ, ಮೌನವಿದ್ದರೆ ಮಾತ್ರ ನುಡಿಯುತ್ತವೆ. ಅವಿಚ್ಛಿನ್ನವಾಗಿ ಸೆಕೆಂಡಿಗೆ ಎರಡು ಮೆಗಾಬಿಟ್ಟಿನಷ್ಟು ಚಿತ್ರವನ್ನು ಕಳುಹಿಸಬೇಕಾದ ಕ್ಯಾಮೆರಾಕ್ಕೆ, ನೆರೆಮನೆಯ ರೌಟರುಗಳೂ ಅದೇ ಪಥದಲ್ಲಿ ನುಡಿಯುತ್ತಿದ್ದರೆ, ಸರದಿಯೇ ದೊರೆಯದು. ಭಾರತದಲ್ಲಿ 2005ರಲ್ಲಿ ಈ 2.4ರ ಪಟ್ಟಿಯನ್ನು ಪರವಾನಗಿಯಿಂದ ಮುಕ್ತಗೊಳಿಸಿದ ಮೇಲೆ ಬ್ಲೂಟೂತ್ ಮೊದಲಾದವುಗಳೂ ಅಲ್ಲಿಯೇ ನೆಲೆಸಿವೆ. ಈ ಪಟ್ಟಿಯ ಚಾನೆಲುಗಳಲ್ಲಿ 1, 6, 11 ಇವು ಮೂರೇ ಒಂದರ ಮೇಲೊಂದು ಹಾಯದಂತಹವು. ರೌಟರಿನ ಸೆಟ್ಟಿಂಗಿನಲ್ಲಿ ಇವುಗಳಲ್ಲಿ ಯಾವುದು ನಿರ್ಜನವೋ ಅದನ್ನು ಆರಿಸಿ, ಚಾನೆಲಿನ ಅಗಲವನ್ನು 20 ಮೆಗಾಹರ್ಟ್ಸಿಗೆ ನಿಲ್ಲಿಸಿದರೆ ಅರ್ಧ ಗದ್ದಲ ಅಡಗುತ್ತದೆ.

ಹಗಲಲ್ಲಿ ಸರಿಯಿದ್ದು ಕತ್ತಲಾದೊಡನೆ ನಿಂತುಹೋಗುವ ಕ್ಯಾಮೆರಾದ ಸಮಸ್ಯೆಯನ್ನು ಪ್ರತ್ಯೇಕವಾಗಿಯೇ ವಿಚಾರಿಸಬೇಕು. ಕಾವಲು ಹೆಚ್ಚು ಅವಶ್ಯವಾದ ವೇಳೆಯಲ್ಲಿಯೇ ಅದು ಕೈಕೊಡುವುದರಿಂದ ಇದು ಎಲ್ಲಕ್ಕಿಂತ ಗಂಭೀರವಾದ ದೋಷ. ಇಲ್ಲಿ ಅಲೆಯ ತಪ್ಪಿಲ್ಲ. ಕತ್ತಲಲ್ಲಿ ಕ್ಯಾಮೆರಾ ತನ್ನ ಸುತ್ತಲಿನ ಅವಕೆಂಪು ದೀಪಗಳನ್ನು ಬೆಳಗಿಸುತ್ತದೆ, ವಿದ್ಯುತ್ತಿನ ಬೇಡಿಕೆ ಥಟ್ಟನೆ ಏರುತ್ತದೆ. ಒಳಗಿನ ಪ್ಲಗ್ಗಿನಿಂದ ಹೊರಗಿನ ಕ್ಯಾಮೆರಾಕ್ಕೆ ತೆಳ್ಳನೆಯ ಯುಎಸ್‌ಬಿ ತಂತಿಯನ್ನು ಎಳೆದಿದ್ದರೆ ಲೆಕ್ಕ ಹೀಗಾಗುತ್ತದೆ: ಮಿಲಿಮೀಟರಿನ ಮೂರರಲ್ಲೊಂದಂಶ ದಪ್ಪದ ತಾಮ್ರದ ಎಳೆ 5 ಮೀಟರು ಉದ್ದವಿದ್ದರೆ, ಹೋಗುವ ಬರುವ ಹಾದಿಗಳೆರಡೂ ಸೇರಿ ಸುಮಾರು 2 ಓಮ್ ರೋಧ, ಅರ್ಧ ಆಂಪಿಯರು ಹರಿದರೆ 1 ವೋಲ್ಟು ದಾರಿಯಲ್ಲಿಯೇ ನಷ್ಟ, 5 ವೋಲ್ಟು ಹೊರಟದ್ದು 4 ಆಗಿ ತಲಪುತ್ತದೆ, ಯಂತ್ರ ಮೂರ್ಛೆ ಹೋಗಿ ಪುನಃ ಎಚ್ಚರಗೊಳ್ಳುತ್ತದೆ. ಮೊಬೈಲಿನಲ್ಲಿ ಕಾಣುವುದು ಮಾತ್ರ ಅದೇ "ಆಫ್‌ಲೈನ್" ಎಂಬ ಅಕ್ಷರಗಳು. ದಪ್ಪ ತಂತಿ, ಚಿಕ್ಕ ಅಂತರ, ಕ್ಯಾಮೆರಾದೊಡನೆ ಬಂದ ಅಡಾಪ್ಟರೇ, ಇಷ್ಟರಿಂದ ಈ ರೋಗ ವಾಸಿಯಾಗುತ್ತದೆ. ಕರೆಂಟು ಹೋಗಿಬಂದು ಮಾಡುವ ಊರುಗಳಲ್ಲಿ ರೌಟರಿಗೊಂದು ಸಣ್ಣ ಯುಪಿಎಸ್ ಇಡುವುದೂ ವಿಹಿತ.

ಕಾರಣ ಇವೆರಡರಲ್ಲಿ ಯಾವುದೆಂದು ತಿಳಿಯುವ ಸರಳ ಪರೀಕ್ಷೆಯೊಂದುಂಟು. ಕ್ಯಾಮೆರಾವನ್ನು ಇಳಿಸಿ, ಅದೇ ತಂತಿ ಅಡಾಪ್ಟರುಗಳೊಡನೆ ರೌಟರಿನ ಮಗ್ಗುಲಲ್ಲಿ ಒಂದು ಅಹೋರಾತ್ರಿ ನಡೆಸಬೇಕು, ರಾತ್ರಿ ದೀಪವಾರಿಸಿ. ಅಲ್ಲಿ ಸುಸ್ಥಿರವಾಗಿದ್ದರೆ ದೋಷ ಮಾರ್ಗದ್ದು. ಅಲ್ಲಿಯೂ ತಡವರಿಸಿದರೆ ವಿದ್ಯುತ್ತಿನದು, ಅಥವಾ ಒಳಗಿನ ತಂತ್ರಾಂಶದ್ದು, ಅಥವಾ ಅಂತರ್ಜಾಲ ಸಂಪರ್ಕದ್ದು.

ರಿಪೀಟರ್ ಎಂಬ ಉಪಕರಣವನ್ನು ಅಂಗಡಿಯವರು ಸಲಹೆ ಮಾಡುತ್ತಾರೆ. ಅದನ್ನು ಸಂಕೇತ ಕ್ಷೀಣಿಸಿದ ಸ್ಥಳದಲ್ಲಿಟ್ಟರೆ ಪ್ರಯೋಜನವಿಲ್ಲ, ಇನ್ನೂ ಪುಷ್ಟವಾಗಿರುವ ನಡುದಾರಿಯಲ್ಲಿಡಬೇಕು. ಒಂದೇ ಆವೃತ್ತಿಯಲ್ಲಿ ಕೇಳಿ ಪುನಃ ಹೇಳುವುದಾದರೆ ವೇಗವೂ ಅರ್ಧಕ್ಕಿಳಿಯುತ್ತದೆ. ನನ್ನ ಅಭಿಪ್ರಾಯದಲ್ಲಿ, ಒಂದೆಡೆ ಸ್ಥಿರವಾಗಿ ನಿಲ್ಲುವ ಯಂತ್ರಕ್ಕೆ ತಂತಿಯನ್ನು ಎಳೆಯಲು ಸಾಧ್ಯವಿದ್ದರೆ ತಂತಿಯೇ ಶ್ರೇಷ್ಠ. ಈಥರ್ನೆಟ್ ತಂತಿ 100 ಮೀಟರಿನವರೆಗೆ ಸುದ್ದಿಯನ್ನು ಲೋಪವಿಲ್ಲದೆ ಸಾಗಿಸುತ್ತದೆ. 2003ರಲ್ಲಿ ನಿಗದಿಯಾದ ಪಿಓಇ ಕ್ರಮದಲ್ಲಿ ಅದೇ ತಂತಿ ಸುಮಾರು 48 ವೋಲ್ಟಿನ ವಿದ್ಯುತ್ತನ್ನೂ ಒಯ್ಯುವುದರಿಂದ, ಆ ಸೌಕರ್ಯವುಳ್ಳ ಕ್ಯಾಮೆರಾವನ್ನು ಆರಿಸಿದರೆ ಮೇಲೆ ಹೇಳಿದ ಎರಡು ವ್ಯಾಧಿಗಳೂ ಒಮ್ಮೆಗೇ ತೊಲಗುತ್ತವೆ. ಮರಗಳು ವಿರಳವಾದ ನಮ್ಮ ಬಯಲಿನಲ್ಲಿ ಮುಂಗಾರಿನ ಮೊದಲ ಗುಡುಗಿಗೇ ಸಿಡಿಲಿನ ಭಯವಿರುವುದರಿಂದ, ತಂತಿಯನ್ನು ಮಾಳಿಗೆಯಿಂದ ಮಾಳಿಗೆಗೆ ತೂಗುಬಿಡದೆ ಗೋಡೆಗುಂಟ ಪೈಪಿನೊಳಗೆ ಒಯ್ಯಿರಿ; ಪೇಟೆಯಲ್ಲಿ ಅಲ್ಯೂಮಿನಿಯಮ್ಮಿಗೆ ತಾಮ್ರದ ಲೇಪ ಕೊಟ್ಟ ಅಗ್ಗದ ತಂತಿಯೂ ಮಾರಾಟಕ್ಕಿರುವುದರಿಂದ, ಅಪ್ಪಟ ತಾಮ್ರದ್ದೆಂದು ಖಚಿತಪಡಿಸಿಕೊಂಡೇ ಹಣ ಕೊಡಿರಿ.