ಎರಡು ಹಾಡು, ಒಂದೇ ಹೆಜ್ಜೆ: ಡಿ.ಜೆ. ಮಿಶ್ರಣದಲ್ಲಿ ಲಯ, ಶ್ರುತಿ, ಭಾವ



ಕಾಲೇಜಿನ ವಾರ್ಷಿಕೋತ್ಸವದಲ್ಲೋ ಮದುವೆ ಮನೆಯಲ್ಲೋ ಡಿ.ಜೆ. ಒಂದು ಹಾಡಿನಿಂದ ಇನ್ನೊಂದಕ್ಕೆ ಸಾಗುವುದನ್ನು ನೀವು ಕೇಳಿರಬಹುದು. ಕೆಲವೊಮ್ಮೆ ಹಾಡು ಬದಲಾದದ್ದೇ ತಿಳಿಯುವುದಿಲ್ಲ. ಕುಣಿಯುವವರ ಹೆಜ್ಜೆ ನಿಲ್ಲುವುದಿಲ್ಲ. ಇನ್ನು ಕೆಲವೊಮ್ಮೆ ಎರಡು ಹಾಡುಗಳು ಒಂದರ ಮೇಲೊಂದು ಬಿದ್ದು ಕಿವಿಗೆ ಕಿರಿಕಿರಿಯಾಗುತ್ತದೆ. ಏಕೆ ಹೀಗೆ? ಲಯ, ಶ್ರುತಿ, ಭಾವ ಈ ಮೂರರ ಹೊಂದಾಣಿಕೆಯೇ ಇದಕ್ಕೆ ಉತ್ತರ. ಒಂದನ್ನು ಸರಿಪಡಿಸಲು ಹೊರಟರೆ ಇನ್ನೊಂದು ಕೆಡುವುದೇ ಇಲ್ಲಿನ ಸ್ವಾರಸ್ಯ.

ಲಯದ ಲೆಕ್ಕ

ನಿಮಿಷಕ್ಕೆ ಎಷ್ಟು ಪೆಟ್ಟು ಬೀಳುತ್ತವೆ ಎಂಬ ಎಣಿಕೆಯೇ ಬಿ.ಪಿ.ಎಂ. ಡಿಸ್ಕೊ ಹಾಡುಗಳು ಹೆಚ್ಚಾಗಿ 120ರ ಆಸುಪಾಸಿನಲ್ಲಿ, ಹೌಸ್ ಸಂಗೀತ 120ರಿಂದ 130ರ ನಡುವೆ ಇರುತ್ತವೆ. 1970ರ ಸುಮಾರಿಗೆ ನ್ಯೂಯಾರ್ಕಿನಲ್ಲಿ ಫ್ರಾನ್ಸಿಸ್ ಗ್ರಾಸೊ ಎಂಬ ಡಿ.ಜೆ. ಎರಡು ರೆಕಾರ್ಡುಗಳ ಪೆಟ್ಟನ್ನು ಹೊಂದಿಸಿ ನುಡಿಸಿ ಹೆಸರಾದರು. 1979ರಲ್ಲಿ ಬಂದ ಜಪಾನಿನ ಟೆಕ್ನಿಕ್ಸ್ ಎಸ್‌ಎಲ್-1200 ಎಂಕೆ2 ಯಂತ್ರದಲ್ಲಿ ವೇಗವನ್ನು ಶೇಕಡಾ 8ರಷ್ಟು ಹೆಚ್ಚು ಕಡಿಮೆ ಮಾಡುವ ಜಾರುಗುಂಡಿ ಇತ್ತು.

ಪೆಟ್ಟು ಹೊಂದಿದರಷ್ಟೇ ಸಾಲದು, ಆವರ್ತವೂ ಹೊಂದಬೇಕು. ನೃತ್ಯದ ರೀಮಿಕ್ಸ್‌ನಲ್ಲಿ ನಾಲ್ಕು ಪೆಟ್ಟಿಗೆ ಒಂದು ಆವರ್ತ. ಎಂಟು ಆವರ್ತ, ಅಂದರೆ 32 ಪೆಟ್ಟಿಗೆ ಸಾಮಾನ್ಯವಾಗಿ ಒಂದು ಖಂಡ. 120ರ ವೇಗದಲ್ಲಿ ಇದು 16 ಸೆಕೆಂಡು. ಅನೇಕ ರೀಮಿಕ್ಸ್‌ಗಳ ಮೊದಲಿಗೂ ಕೊನೆಗೂ ಬರಿಯ ತಾಳವಾದ್ಯ ಇರುವುದು ಈ ಜೋಡಣೆಗೆಂದೇ.

ಶ್ರುತಿಯ ತೊಡಕು

ರೆಕಾರ್ಡನ್ನು ವೇಗವಾಗಿ ತಿರುಗಿಸಿದರೆ ಶ್ರುತಿಯೂ ಏರುತ್ತದೆ. ಒಂದು ಸ್ಥಾಯಿಯಲ್ಲಿ ಹನ್ನೆರಡು ಸ್ವರಸ್ಥಾನಗಳಿವೆಯಷ್ಟೆ. ವೇಗ ಸುಮಾರು ಶೇಕಡಾ 6 ಹೆಚ್ಚಿದರೆ ಇಡೀ ಹಾಡು ಒಂದು ಸ್ವರಸ್ಥಾನ ಮೇಲಕ್ಕೆ ಹೋಗುತ್ತದೆ. ಒಂದೇ ಶ್ರುತಿಯ ಎರಡು ಹಾಡುಗಳನ್ನು ತೆಗೆದುಕೊಳ್ಳಿ. ಒಂದರ ವೇಗ 120, ಇನ್ನೊಂದರದು 126. ಮೊದಲನೆಯದನ್ನು 126ಕ್ಕೆ ಏರಿಸಿದರೆ ವೇಗ ಶೇಕಡಾ 5 ಹೆಚ್ಚುತ್ತದೆ. ಲಯವೇನೋ ಕೂಡಿತು, ಆದರೆ ಶ್ರುತಿ ಹೆಚ್ಚುಕಡಿಮೆ ಒಂದು ಸ್ವರಸ್ಥಾನ ಸರಿದು, ಹೊಂದಿದ್ದ ಹಾಡುಗಳೇ ಈಗ ಜಗಳವಾಡುತ್ತವೆ. ಅದೇ 124ರ ಹಾಡನ್ನು 126ಕ್ಕೆ ಏರಿಸಿದರೆ ಕಾಲು ಸ್ವರಸ್ಥಾನಕ್ಕಿಂತ ತುಸು ಹೆಚ್ಚಷ್ಟೇ ಸರಿಯುತ್ತದೆ. ಶ್ರುತಿ ಸರಿಯದಂತೆ ವೇಗ ಬದಲಿಸುವ ಸೌಲಭ್ಯ ಇಂದಿನ ಗಣಕಯಂತ್ರಗಳಲ್ಲಿದೆ. ಆದರೂ ವೇಗವನ್ನು ಬಹಳ ಹಿಗ್ಗಿಸಿದರೆ, ಕುಗ್ಗಿಸಿದರೆ ಧ್ವನಿಯ ಮೊನಚು ಮಂಕಾಗುತ್ತದೆ.

ಶ್ರುತಿ ಒಂದೇ ಆಗಿರಬೇಕೆಂದೇನೂ ಇಲ್ಲ. ಪಾಶ್ಚಾತ್ಯ ಪದ್ಧತಿಯಲ್ಲಿ ಸಿ ಮೇಜರ್ ಮತ್ತು ಎ ಮೈನರ್‌ಗಳ ಏಳು ಸ್ವರಗಳೂ ಒಂದೇ. ಕರ್ನಾಟಕ ಸಂಗೀತ ಕಲಿಯುವವರು ಗ್ರಹಭೇದವನ್ನು ನೆನೆಯಿರಿ: ಶಂಕರಾಭರಣದ ಧೈವತವನ್ನು ಷಡ್ಜ ಮಾಡಿಕೊಂಡರೆ ನಠಭೈರವಿ ಬರುತ್ತದೆ. ಇದೂ ಹಾಗೆಯೇ. ಸಿ ಮೇಜರ್, ಜಿ ಮೇಜರ್‌ಗಳ ನಡುವೆ ಒಂದೇ ಸ್ವರದ ವ್ಯತ್ಯಾಸ. ಇಂಥ ನೆಂಟಸ್ತಿಕೆಯನ್ನು ತೋರಿಸುವ ಕ್ಯಾಮೆಲಾಟ್ ಚಕ್ರದಲ್ಲಿ ಸಿ ಮೇಜರ್‌ಗೆ 8ಬಿ, ಎ ಮೈನರ್‌ಗೆ 8ಎ, ಜಿ ಮೇಜರ್‌ಗೆ 9ಬಿ ಎಂಬ ಗುರುತುಗಳಿವೆ. ಪಕ್ಕದ ಮನೆಯ ಹಾಡುಗಳು ಸುಲಭವಾಗಿ ಕೂಡುತ್ತವೆ.

ಭಾವವನ್ನು ಅಳೆಯುವವರು ಯಾರು?

ಮೈನರ್ ಎಂದರೆ ದುಃಖ, ಮೇಜರ್ ಎಂದರೆ ಸಂತೋಷ ಎಂಬ ಸೂತ್ರವನ್ನು ಪೂರ್ತಿ ನಂಬಬೇಡಿ. ಉತ್ಸಾಹ ಉಕ್ಕಿಸುವ ಎಷ್ಟೋ ನೃತ್ಯಗೀತೆಗಳು ಮೈನರ್‌ನಲ್ಲಿವೆ. ಸಂಖ್ಯೆಗಳೆಲ್ಲ ಹೊಂದಿದ ಎರಡು ಹಾಡುಗಳಲ್ಲಿ ಒಂದು ಮೆಲುದನಿಯದು, ಇನ್ನೊಂದು ಅಬ್ಬರದ್ದು ಆಗಿರಬಹುದು. ಗಣಕಯಂತ್ರ 70ರ ಲಯವನ್ನು 140 ಎಂದು ಓದುವುದೂ ಉಂಟು. ಲೆಕ್ಕ ದಾರಿ ತೋರಿಸುತ್ತದೆ. ತೀರ್ಪು ಕೊಡುವುದು ಕಿವಿಯೇ.

ನೀವೇ ಪರೀಕ್ಷಿಸಿ ನೋಡಿ. ಒಂದು ಹಾಡಿನ ಪೆಟ್ಟುಗಳನ್ನು 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿ; 31 ಬಂದರೆ ವೇಗ 124. ಅನಂತರ ಹಾಡಿನ ಆಧಾರ ಷಡ್ಜವನ್ನು ಗುನುಗಿ ಗುರುತಿಸಿ. ಇದೇ ವೇಗದ ಇನ್ನೊಂದು ಹಾಡು ಹುಡುಕಿ, ಅದೇ ಷಡ್ಜ ಅಲ್ಲಿಗೆ ಒಪ್ಪುವುದೇ ಎಂದು ಕೇಳಿ. ಯಂತ್ರ ಮುಟ್ಟುವ ಮೊದಲೇ ಮಿಶ್ರಣದ ಮೊದಲ ಪಾಠ ನಿಮಗೆ ದೊರೆತಿರುತ್ತದೆ.