ಜಿಂಕೆ ಜಾಸ್ತಿಯಾಗಿದೆಯಾ? ವಿಸ್ಕಾನ್ಸಿನ್ ಬೇಟೆಗಾರರ ಲೆಕ್ಕ, ನಮ್ಮ ಹೊಲದ ಲೆಕ್ಕ

"ಈ ವರ್ಷ ಜಿಂಕೆ ಕಾಟ ವಿಪರೀತ." ಕಾಡಂಚಿನ ಯಾವ ಊರಿಗೆ ಹೋದರೂ ಈ ಮಾತು ಕೇಳಿಸುತ್ತೆ. ಗುಂಡ್ಲುಪೇಟೆ, ಎಚ್.ಡಿ. ಕೋಟೆ ಕಡೆ ಚುಕ್ಕೆ ಜಿಂಕೆ. ಮಲೆನಾಡಲ್ಲಿ ಕಡವೆ, ಕಾಡುಕುರಿ. ಹಾವೇರಿ, ಗದಗ ಕಡೆ ಚಿಗರಿ, ಅಂದ್ರೆ ಕೃಷ್ಣಮೃಗ. ಅದು ಜಿಂಕೆ ಕುಟುಂಬಕ್ಕೆ ಸೇರಿದ್ದಲ್ಲ, ಆದರೆ ಎಳೆ ಮೆಕ್ಕೆಜೋಳಕ್ಕೆ ಬಾಯಿ ಹಾಕೋದರಲ್ಲಿ ಏನೂ ಕಡಿಮೆ ಇಲ್ಲ. ಸರಿ, ಹೋದ ವರ್ಷ ಎಷ್ಟಿದ್ದವು, ಈ ವರ್ಷ ಎಷ್ಟಿವೆ ಅಂತ ಕೇಳಿ ನೋಡಿ. "ಹಿಂಡು ಹಿಂಡೇ ಬರ್ತಾವೆ" ಅಂತಾರೆ. ಇಲಾಖೆಯವರ ಹತ್ತಿರ ಬೇರೆ ಲೆಕ್ಕ ಇರುತ್ತೆ. ಮಾತು ಅಲ್ಲಿಗೇ ನಿಲ್ಲುತ್ತೆ.

ಇದೇ ಜಗಳ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ಎಂಬತ್ತು ವರ್ಷದಿಂದ ನಡೀತಿದೆ. ಅಲ್ಲಿ ಒಂದು ಕಡೆ ಬೇಟೆಗಾರರು, ಇನ್ನೊಂದು ಕಡೆ ಸರ್ಕಾರಿ ಇಲಾಖೆ, ನಡುವೆ ರೈತರು. ಅವರು ಎಲ್ಲಿ ಸಿಕ್ಕಿಕೊಂಡರು, ಎಲ್ಲಿ ದಾರಿ ಕಂಡುಕೊಂಡರು ಅನ್ನೋದು ನಮಗೂ ಉಪಯೋಗದ ವಿಷಯ.

ಮೊದಲೇ ಒಂದು ಮಾತು ಸ್ಪಷ್ಟ ಇರಲಿ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಜಿಂಕೆ ಬೇಟೆ ಅಪರಾಧ. ಉರುಳು, ಸಿಡಿಮದ್ದು, ಬೇಲಿಗೆ ನೇರ ಕರೆಂಟು, ಯಾವುದಕ್ಕೂ ಕೈ ಹಾಕಬೇಡಿ. ಈ ಲೇಖನ ಕೋವಿಯ ಬಗ್ಗೆ ಅಲ್ಲ, ಲೆಕ್ಕದ ಬಗ್ಗೆ.

ಹೆಣ್ಣು ಜಿಂಕೆ ಹೊಡೀಬೇಕಾ, ಬೇಡವಾ?

ಅಲ್ಲಿ ಇರೋದು ಬಿಳಿಬಾಲದ ಜಿಂಕೆ. ಇಪ್ಪತ್ತನೇ ಶತಮಾನದ ಶುರುವಿನಲ್ಲಿ ಇಡೀ ಅಮೆರಿಕದಲ್ಲಿ ಉಳಿದಿದ್ದದ್ದು ಸುಮಾರು ಐದು ಲಕ್ಷ ಅಂತ ಅಂದಾಜು. ಮಾಂಸಕ್ಕೆ, ಚರ್ಮಕ್ಕೆ ಮಿತಿಯಿಲ್ಲದೆ ಹೊಡೆದ ಫಲ ಅದು. ಆಮೇಲೆ ಕಾನೂನು ಬಿಗಿಯಾಯ್ತು. ವಿಸ್ಕಾನ್ಸಿನ್‌ನಲ್ಲಿ 1915ರಿಂದ ಒಬ್ಬ ಬೇಟೆಗಾರನಿಗೆ ಒಂದು ಗಂಡು ಜಿಂಕೆ ಮಾತ್ರ ಅನ್ನೋ ನಿಯಮ ಬಂತು. ಕೆಲವು ವರ್ಷ ಬೇಟೆಯನ್ನೇ ನಿಲ್ಲಿಸಿದರು. ಹೆಣ್ಣು ಉಳಿದರೆ ಹಿಂಡು ಬೆಳೆಯುತ್ತೆ ಅಂತ ಜನರಿಗೆ ಹೇಳಿ ಹೇಳಿ ಮನಸ್ಸಿಗೆ ಇಳಿಸಿದರು.

ಹಿಂಡು ಬೆಳೀತು, ಬೇಕಿದ್ದಕ್ಕಿಂತ ಹೆಚ್ಚೇ ಬೆಳೀತು. ಉತ್ತರದ ಕಾಡುಗಳಲ್ಲಿ ದೊಡ್ಡ ಮರ ಕಡಿದ ಜಾಗದಲ್ಲೆಲ್ಲ ಎಳೆ ಚಿಗುರು ಎದ್ದಿತ್ತು, ಮೇವಿಗೆ ಬರ ಇರಲಿಲ್ಲ. 1940ರ ಹೊತ್ತಿಗೆ ಚಳಿಗಾಲದಲ್ಲಿ ಜಿಂಕೆಗಳು ಮೇವಿಲ್ಲದೆ ಸಾಯೋಕೆ ಶುರುವಾದವು. ಕಾಡಿನ ಎಳೆ ಸಸಿಗಳೂ ಉಳೀತಿರಲಿಲ್ಲ. ಆಗ ರಾಜ್ಯದ ಸಂರಕ್ಷಣಾ ಆಯೋಗದಲ್ಲಿದ್ದ ಆಲ್ಡೋ ಲಿಯೋಪೋಲ್ಡ್ ಹೆಣ್ಣು ಜಿಂಕೆಯನ್ನೂ ಹೊಡೆಯಬೇಕು ಅಂತ ವಾದಿಸಿದರು. 1943ರಲ್ಲಿ ಅದಕ್ಕೆ ಅನುಮತಿ ಸಿಕ್ಕಿತು. ಆ ವರ್ಷ ಬೇಟೆಗೆ ಬಿದ್ದ ಜಿಂಕೆಗಳು ಸುಮಾರು 1,28,000.

ಬೇಟೆಗಾರರು ಸಿಟ್ಟಿಗೆದ್ದರು. "ತಾಯಿಯನ್ನೇ ಹೊಡೆದ ಮೇಲೆ ಮರಿ ಎಲ್ಲಿಂದ ಬರಬೇಕು?" ಅನ್ನೋದು ಅವರ ವಾದದ ತಿರುಳು. ಅದಕ್ಕೆ "1943ರ ಅಪರಾಧ" ಅಂತಲೇ ಹೆಸರಿಟ್ಟರು. ಗಮನಿಸಿ, ಜಿಂಕೆಯನ್ನು ಹೊಡೆಯೋರೇ ಜಿಂಕೆ ಉಳಿಸಿ ಅಂತ ಕೂಗಿದರು. ಯಾಕಂದ್ರೆ ಬೇಟೆಗಾರನಿಗೆ ಕಾಡಿನಲ್ಲಿ ಜಿಂಕೆ ಕಾಣಬೇಕು. ಅರಣ್ಯದವನಿಗೆ ಸಸಿ ಏಳಬೇಕು. ರೈತನಿಗೆ ಹೊಲದಲ್ಲಿ ಜಿಂಕೆ ಕಾಣಬಾರದು. ಮೂವರೂ "ಎಷ್ಟು ಜಿಂಕೆ ಇರಬೇಕು" ಅನ್ನೋ ಒಂದೇ ಪ್ರಶ್ನೆಗೆ ಮೂರು ಉತ್ತರ ಕೊಡ್ತಾರೆ.

ಬೇಟೆಗಾರನ ಕಣ್ಣು, ಇಲಾಖೆಯ ಸೂತ್ರ

ಅಲ್ಲಿ ಕೋವಿ ಬೇಟೆಯ ಮುಖ್ಯ ಋತು ನವೆಂಬರ್ ಕೊನೆಯ ಒಂಬತ್ತು ದಿನ. ಐದು ಲಕ್ಷಕ್ಕೂ ಹೆಚ್ಚು ಜನ ಹೊಳೆಯುವ ಕಿತ್ತಳೆ ಬಣ್ಣದ ಅಂಗಿ ಹಾಕಿಕೊಂಡು ಕಾಡಿಗೆ, ಹೊಲಕ್ಕೆ ಇಳೀತಾರೆ. ಹೊಡೆದ ಪ್ರತಿ ಜಿಂಕೆಯನ್ನೂ ನೋಂದಾಯಿಸಲೇಬೇಕು. 2015ರಿಂದ ಫೋನ್ ಅಥವಾ ಇಂಟರ್ನೆಟ್ ಮೂಲಕವೇ ನೋಂದಣಿ. ಎಷ್ಟು ಗಂಡು, ಎಷ್ಟು ಹೆಣ್ಣು ಬಿತ್ತು ಅನ್ನೋ ಲೆಕ್ಕ, ಜೊತೆಗೆ ಹಲ್ಲು ನೋಡಿ ಅಂದಾಜಿಸಿದ ವಯಸ್ಸು ಇಟ್ಟುಕೊಂಡು ಇಲಾಖೆ ಒಂದು ಸೂತ್ರದಿಂದ ಒಟ್ಟು ಸಂಖ್ಯೆ ತೆಗೆಯುತ್ತೆ.

2000ನೇ ಇಸವಿಯಲ್ಲಿ ರಾಜ್ಯದಲ್ಲಿ ಒಟ್ಟು 6 ಲಕ್ಷಕ್ಕೂ ಹೆಚ್ಚು ಜಿಂಕೆ ಬೇಟೆಯಾದವು. ಹಿಂಡು ಅಷ್ಟು ಬೆಳೆದಿದ್ದ ಕಾಲ ಅದು. ಹೆಚ್ಚಾದ ಕಡೆ ಹಿಂಡು ಇಳಿಸೋಕೆ 1996ರಿಂದಲೇ ಒಂದು ನಿಯಮ ಇತ್ತು: ಮೊದಲು ಕೊಂಬಿಲ್ಲದ ಜಿಂಕೆ, ಅಂದ್ರೆ ಹೆಣ್ಣು ಅಥವಾ ಮರಿ, ಹೊಡೀಬೇಕು. ಆಮೇಲಷ್ಟೇ ಗಂಡು ಹೊಡೆಯೋ ಹಕ್ಕು. ನಿಯಮ ಕೆಲಸ ಮಾಡ್ತು. ಆದರೆ ದೊಡ್ಡ ಕೊಂಬಿನ ಗಂಡು ಕಣ್ಣೆದುರೇ ಹಾದುಹೋದರೂ ಕೋವಿ ಎತ್ತೋ ಹಾಗಿಲ್ಲ ಅಂದ್ರೆ ಯಾರು ಸುಮ್ಮನಿರ್ತಾರೆ? ವಿರೋಧ ಬೆಳೆದು 2011ರಲ್ಲಿ ಶಾಸನಸಭೆಯೇ ಆ ನಿಯಮ ತೆಗೆದುಹಾಕ್ತು.

ಇದರ ನಡುವೆ 2002ರ ಫೆಬ್ರವರಿಯಲ್ಲಿ ಜಿಂಕೆಯ ಮಿದುಳಿಗೆ ಬಡಿಯೋ, ಮದ್ದಿಲ್ಲದ ಕ್ಷಯ ರೋಗವೊಂದು ರಾಜ್ಯದ ದಕ್ಷಿಣ ಭಾಗದಲ್ಲಿ ಪತ್ತೆಯಾಯ್ತು. ರೋಗ ಇರೋ ಪ್ರದೇಶದಲ್ಲಿ ಹಿಂಡನ್ನೇ ಆದಷ್ಟು ಇಳಿಸಿಬಿಡೋಣ ಅಂತ ಇಲಾಖೆ ಹೊರಟಿತು. ಜಮೀನಿನ ಮಾಲೀಕರು, ಬೇಟೆಗಾರರು ಒಪ್ಪಲಿಲ್ಲ. "ನಿಮ್ಮ ಸಂಖ್ಯೆಯನ್ನೇ ನಂಬಲ್ಲ, ನಿಮ್ಮ ಯೋಜನೆ ಹೇಗೆ ನಂಬೋಣ" ಅನ್ನೋ ಮಟ್ಟಕ್ಕೆ ಹೋಯ್ತು.

ಬೇಟೆಗಾರ ಸುಳ್ಳು ಹೇಳ್ತಿದ್ನಾ? ಇಲ್ಲ. ಅವನು ಕಂಡದ್ದನ್ನೇ ಹೇಳ್ತಿದ್ದ. ಆದರೆ ಕಂಡ ಜಿಂಕೆ ಬೇರೆ, ಇರೋ ಜಿಂಕೆ ಬೇರೆ. ಯಾಕೆ ಅಂತ ನೋಡಿ:

• ಅವನು ಕೂರೋದು ಒಂದೇ ಮರದ ಮೇಲಿನ ಅಟ್ಟಣೆಯಲ್ಲಿ. ಇಲಾಖೆಯ ಲೆಕ್ಕ ಇಡೀ ಜಿಲ್ಲೆಯದ್ದು.
• ಬೇಟೆ ಶುರುವಾದ ಕೂಡಲೇ ಜಿಂಕೆ ಹಗಲು ಓಡಾಡೋದನ್ನು ಕಡಿಮೆ ಮಾಡುತ್ತೆ, ಬೇಟೆಗೆ ಬಿಡದ ಖಾಸಗಿ ಜಮೀನಿಗೆ ಸರಿಯುತ್ತೆ. ಜಿಂಕೆ ಇದೆ, ಕಾಣಲ್ಲ ಅಷ್ಟೇ.
• ಜನರ ನೆನಪಲ್ಲಿ ಉಳಿಯೋದು ಅತಿ ಹೆಚ್ಚು ಜಿಂಕೆ ಕಂಡ ವರ್ಷ. ಆಮೇಲಿನ ಎಲ್ಲ ವರ್ಷವನ್ನೂ ಅದರ ಜೊತೆ ತೂಗ್ತಾರೆ.
• ಉತ್ತರದಲ್ಲಿ ಕಾಡು ಬಲಿತಿದೆ, ಚಿಗುರು ಕಡಿಮೆಯಾಗಿದೆ. ಚಳಿ ಜೋರಾದ ವರ್ಷ ಸಾವು ಹೆಚ್ಚು. ತೋಳಗಳೂ ವಾಪಸ್ ಬಂದಿವೆ. ಆದ್ದರಿಂದ ಅಲ್ಲಿನ ಬೇಟೆಗಾರ "ಕಡಿಮೆಯಾಗಿದೆ" ಅಂದ್ರೆ ಅದರಲ್ಲಿ ಸತ್ಯ ಇದೆ. ದಕ್ಷಿಣದ ಜೋಳ, ಸೋಯಾ ಹೊಲಗಳ ನಡುವೆ ಇರೋನು "ಜಾಸ್ತಿ" ಅಂದ್ರೂ ಸತ್ಯ ಇದೆ. ರಾಜ್ಯಕ್ಕೆಲ್ಲ ಒಂದೇ ಮಾತು ಹೊಂದಲ್ಲ.

ಜಗಳ ತಣ್ಣಗಾದದ್ದು ಎಲ್ಲಿ?

ಪೂರ್ತಿ ತಣ್ಣಗಾಗಿಲ್ಲ. ಆದರೆ ಮೂರು ಕೆಲಸದಿಂದ ಮಾತು ಮುಂದುವರೀತು.

ಒಂದು, ತೀರ್ಮಾನವನ್ನು ಜಿಲ್ಲೆಗೆ ಇಳಿಸಿದರು. ಟೆಕ್ಸಾಸ್‌ನ ಜಿಂಕೆ ತಜ್ಞ ಜೇಮ್ಸ್ ಕ್ರೋಲ್ 2012ರಲ್ಲಿ ಕೊಟ್ಟ ವರದಿ ಸ್ಥಳೀಯರನ್ನು ಸೇರಿಸಿಕೊಳ್ಳಿ ಅಂತ ಹೇಳಿತ್ತು. 2014ರಿಂದ ಜಿಲ್ಲೆಗೊಂದು ಜಿಂಕೆ ಸಲಹಾ ಸಮಿತಿ ಬಂತು. ಅದರಲ್ಲಿ ಬೇಟೆಗಾರರ ಜೊತೆ ಕೃಷಿ, ಅರಣ್ಯ, ಪ್ರವಾಸೋದ್ಯಮ, ಸಾರಿಗೆಯವರಿಗೂ ಜಾಗ. ಸಾರಿಗೆ ಯಾಕಂದ್ರೆ ರಸ್ತೆಗೆ ನುಗ್ಗಿದ ಜಿಂಕೆಗೆ ಕಾರು ಗುದ್ದೋದು ಅಲ್ಲಿ ದಿನದ ಮಾತು. ಈ ಸಮಿತಿ ಹಿಂಡು ಹೆಚ್ಚಬೇಕಾ, ಇದ್ದ ಹಾಗೇ ಇರಬೇಕಾ, ಇಳೀಬೇಕಾ ಅಂತ ಮೂರು ವರ್ಷಕ್ಕೊಂದು ಗುರಿ ಸೂಚಿಸುತ್ತೆ.

ಎರಡು, ಬೇಟೆಗಾರನ ಕಣ್ಣನ್ನೇ ಅಳತೆಗೋಲು ಮಾಡಿಕೊಂಡರು. "ಜಿಂಕೆ ಕಾಣಲಿಲ್ಲ" ಅಂತ ಗೊಣಗೋ ಬದಲು ಎಷ್ಟು ಗಂಟೆ ಕೂತಿದ್ದೆ, ಎಷ್ಟು ಗಂಡು, ಹೆಣ್ಣು, ಮರಿ ಕಂಡೆ ಅಂತ ಬರೆದು ಕಳಿಸೋ ವ್ಯವಸ್ಥೆ ಇದೆ. ಹತ್ತು ಗಂಟೆ ಕೂತು ಐದು ಕಂಡೋನು, ಎರಡು ಗಂಟೆ ಕೂತು ಎರಡು ಕಂಡೋನು, ಇಬ್ಬರನ್ನೂ ಆಗ ಹೋಲಿಸಬಹುದು. ಸಾರ್ವಜನಿಕರು ತಮ್ಮ ಜಮೀನಿನಲ್ಲಿ ಕ್ಯಾಮೆರಾ ಕಟ್ಟಿ ಚಿತ್ರ ಕೊಡೋ ಯೋಜನೆಯೂ ನಡೀತಿದೆ.

ಮೂರು, ಬೆಳೆ ನಷ್ಟದ ಹಣಕ್ಕೆ ಬೇಟೆಯ ಪರವಾನಗಿ ಶುಲ್ಕದ ಒಂದು ಪಾಲು ಹೋಗುತ್ತೆ. ಪರಿಹಾರ ಬೇಕಾದ ರೈತ ತನ್ನ ಜಮೀನಿನಲ್ಲಿ ಬೇರೆಯವರಿಗೆ ಬೇಟೆಯಾಡೋಕೆ ಅವಕಾಶ ಕೊಡಬೇಕು. ಜಿಂಕೆ ಬೇಕು ಅನ್ನೋನೇ ಅದು ತಿಂದ ಬೆಳೆಗೂ ದುಡ್ಡು ಕಟ್ಟಬೇಕು ಅನ್ನೋ ನ್ಯಾಯ.

ನಮಗೆ ಇದರಿಂದ ಏನು?

ಬೇಟೆಯ ದಾರಿ ನಮಗಿಲ್ಲ. ಬೇಟೆಗಾರನ ಕಣ್ಣು ಮಾತ್ರ ನಮ್ಮಲ್ಲೂ ಇತ್ತು. ಕೊಡಗಿನಲ್ಲಿ ನಾಟಿ ಮುಗಿದ ಮೇಲೆ ಬರೋ ಕೈಲ್ ಪೋದ್ ಹಬ್ಬ ಒಂದು ಕಾಲಕ್ಕೆ ಬೇಟೆಯ ಋತು ಶುರುವಾಗೋ ಹಬ್ಬ. ಇವತ್ತಿಗೂ ಕೋವಿಗೆ ಪೂಜೆ ಇದೆ, ಬೇಟೆ ಇಲ್ಲ. ಕಾಡಂಚಿನ ಊರುಗಳಲ್ಲಿ ಹೆಜ್ಜೆ, ಹಿಕ್ಕೆ, ಕಚ್ಚಿದ ಗುರುತು ನೋಡಿ ಇಂಥದ್ದೇ ಪ್ರಾಣಿ ಅಂತ ಹೇಳೋ ಹಿರಿಯರು ಇನ್ನೂ ಇದ್ದಾರೆ. ಅವರನ್ನು ಒಂದು ಬೆಳಿಗ್ಗೆ ಹೊಲಕ್ಕೆ ಕರ್ಕೊಂಡು ಹೋಗಿ. ಯೂಟ್ಯೂಬಿನಲ್ಲಿ ಸಿಗದ ಪಾಠ ಅದು.

ವಿಜ್ಞಾನದ ಎಣಿಕೆಯೂ ನಮ್ಮಲ್ಲಿದೆ. ನಾಗರಹೊಳೆಯಲ್ಲಿ ಉಲ್ಲಾಸ ಕಾರಂತರು ಮತ್ತು ಸಂಗಡಿಗರು ಕಾಡಿನಲ್ಲಿ ನೇರ ಗೆರೆ ಹಿಡಿದು ನಡೆದು, ಕಂಡ ಪ್ರಾಣಿ ಎಷ್ಟು ದೂರದಲ್ಲಿದೆ ಅಂತ ಅಳೆದು ಲೆಕ್ಕ ಹಾಕಿದರು. 1992ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಚದರ ಕಿಲೋಮೀಟರಿಗೆ ಸುಮಾರು 50 ಚುಕ್ಕೆ ಜಿಂಕೆ. ಆದರೆ ಅದು ಕಾಡಿನೊಳಗಿನ ಸಂಖ್ಯೆ. ನಿಮ್ಮ ಹುರುಳಿಕಾಯಿ ಸಾಲಿಗೆ ಬಂದ ಎಂಟು ಜಿಂಕೆ ಅದರಲ್ಲಿ ಬೇರೆಯಾಗಿ ಕಾಣಲ್ಲ. ಕಾಡಲ್ಲಿ ಸಂಖ್ಯೆ ಏರದಿದ್ದರೂ ನಿಮ್ಮ ಹೊಲದ ನಷ್ಟ ಏರಬಹುದು. ಕಾಡಿನಲ್ಲಿ ಲಂಟಾನ ಹಬ್ಬಿ ಹುಲ್ಲು ಕಡಿಮೆಯಾದರೆ ಸಾಕು, ಅಥವಾ ಬೇಸಿಗೆಯಲ್ಲಿ ಸುತ್ತಮುತ್ತ ನಿಮ್ಮ ನೀರಾವರಿ ತೋಟ ಒಂದೇ ಹಸಿರಾಗಿದ್ದರೆ ಸಾಕು.

ಹಾಗಾಗಿ ರೈತನಿಗೆ ಬೇಕಾದ ಲೆಕ್ಕ ಕಂಡ ಜಿಂಕೆಯದ್ದೂ ಅಲ್ಲ, ಇರೋ ಜಿಂಕೆಯದ್ದೂ ಅಲ್ಲ. ತಿಂದ ಬೆಳೆಯದ್ದು. ಅದನ್ನು ಮಾಡೋದು ಹೀಗೆ.

1. ತಿಂದದ್ದು ಯಾರು ಅಂತ ಮೊದಲು ಖಾತ್ರಿ ಮಾಡಿಕೊಳ್ಳಿ. ಜಿಂಕೆಗೆ ಮೇಲಿನ ಮುಂಬಲ್ಲು ಇಲ್ಲ. ಅದು ಎಲೆ, ಕಾಂಡವನ್ನು ಹಿಡಿದು ಎಳೆದು ಕೀಳುತ್ತೆ, ತುದಿ ಹರಿದ ಹಾಗೆ ನಾರುನಾರಾಗಿರುತ್ತೆ. ಮೊಲ ಕತ್ತರಿಯಲ್ಲಿ ಓರೆಯಾಗಿ ಕತ್ತರಿಸಿದ ಹಾಗೆ ಕಚ್ಚುತ್ತೆ. ಕಾಡುಹಂದಿ ನೆಲ ಬಗೆಯುತ್ತೆ. ಆಡು, ದನ ಕೂಡ ಜಿಂಕೆಯ ಹಾಗೇ ಹರಿಯೋದರಿಂದ ಹೆಜ್ಜೆ, ಹಿಕ್ಕೆ ಎರಡನ್ನೂ ನೋಡಿ. ಮೆತ್ತನೆ ಮಣ್ಣಲ್ಲಿ ಹಂದಿ ಹೆಜ್ಜೆಯ ಹಿಂದೆ ಎರಡು ಚಿಕ್ಕ ಗೊರಸಿನ ಗುರುತು ಅಗಲಕ್ಕೆ ಬೀಳುತ್ತೆ. ಜಿಂಕೆಯದ್ದು ಕಿರಿದು, ತುದಿ ಚೂಪು.

2. ಪಂಜರ ಪರೀಕ್ಷೆ ಮಾಡಿ. ಬಿತ್ತಿದ ದಿನವೇ ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲದ ಜಾಗಕ್ಕೆ ನಾಲ್ಕು ಗೂಟ ನೆಟ್ಟು, ಐದಾರು ಅಡಿ ಎತ್ತರಕ್ಕೆ ತಂತಿ ಬಲೆ ಸುತ್ತಿ. ಇಷ್ಟು ಇಕ್ಕಟ್ಟಿನ ಜಾಗಕ್ಕೆ ಜಿಂಕೆ ಹಾರೋದಕ್ಕೆ ಹಿಂಜರಿಯುತ್ತೆ. ಪಕ್ಕದಲ್ಲೇ ಅಷ್ಟೇ ಜಾಗವನ್ನು ಬಲೆ ಇಲ್ಲದೆ ಗುರುತು ಮಾಡಿ. ಕಾಡಿನ ಅಂಚಿಗೆ ಒಂದು ಜೋಡಿ, ನಡುವೆ ಒಂದು, ಆ ತುದಿಗೆ ಒಂದು. ಕೊಯ್ಲಲ್ಲಿ ಎಲ್ಲವನ್ನೂ ಬೇರೆ ಬೇರೆ ತೂಗಿ. ಒಳಗೆ ಮೂರು ಕಿಲೋ, ಹೊರಗೆ ಎರಡು ಬಂದರೆ ನಷ್ಟ ಮೂರರಲ್ಲಿ ಒಂದು ಪಾಲು. ಅಂಚಿನಲ್ಲಿ ಮಾತ್ರ ನಷ್ಟ ಇದ್ದರೆ ಇಡೀ ಹೊಲಕ್ಕೆ ಬೇಲಿ ಹಾಕೋ ಖರ್ಚು ಉಳೀಬಹುದು, ಅಂಚಿನ ಬೆಳೆ ಬದಲಿಸಿ ನೋಡಬಹುದು.

3. ವಾರಕ್ಕೊಂದು ಸಲ ಒಂದೇ ಬದು, ಒಂದೇ ಸಮಯ. ನಿಮ್ಮ ಜಮೀನಿನೊಳಗೇ ನಡೆಯಿರಿ, ಕಾಡಿಗೆ ಕಾಲಿಡಬೇಡಿ. ಆನೆ ಓಡಾಡೋ ಕಡೆ ಕತ್ತಲಲ್ಲಿ ಹೋಗಲೇಬೇಡಿ. ಎಷ್ಟು ಹೊತ್ತು ನಡೆದಿರಿ, ಎಷ್ಟು ಗಂಡು, ಹೆಣ್ಣು, ಮರಿ ಕಂಡಿರಿ ಅಂತ ಫೋನಿನ ನೋಟ್ಸಲ್ಲಿ ಬರೆಯಿರಿ. ಏನೂ ಕಾಣದ ದಿನ ಸೊನ್ನೆ ಅಂತ ಬರೀರಿ. ಸೊನ್ನೆ ಬಿಟ್ಟರೆ ಲೆಕ್ಕವೇ ಸುಳ್ಳಾಗುತ್ತೆ.

4. ಫೋಟೋದಲ್ಲಿ ದಿನಾಂಕ, ಜಾಗ ಎರಡೂ ಬರಲಿ. ಜಿಪಿಎಸ್ ಗುರುತು ಬೀಳೋ ಕ್ಯಾಮೆರಾ ಆ್ಯಪ್ ಬಳಸಿ. ಹೆಜ್ಜೆಯ ಪಕ್ಕ ಬೆಂಕಿಪೊಟ್ಟಣ ಇಟ್ಟರೆ ಅಳತೆ ಗೊತ್ತಾಗುತ್ತೆ. ಒಂದು ಫೋಟೋ ಹತ್ತಿರದಿಂದ, ಒಂದು ಇಡೀ ಹೊಲ ಕಾಣೋ ಹಾಗೆ.

5. ನಷ್ಟ ಕಂಡ ಕೂಡಲೇ ಅರ್ಜಿ ಹಾಕಿ. ಅರಣ್ಯ ಇಲಾಖೆಯಲ್ಲಿ ಬೆಳೆ ನಷ್ಟಕ್ಕೆ ಇ-ಪರಿಹಾರ ವ್ಯವಸ್ಥೆ ಇದೆ. ಯಾವ ಪ್ರಾಣಿ, ಯಾವ ಬೆಳೆಗೆ ಎಷ್ಟು, ಎಷ್ಟು ದಿನದೊಳಗೆ ಅನ್ನೋದನ್ನು ನಿಮ್ಮ ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ಈಗಲೇ ಕೇಳಿಟ್ಟುಕೊಳ್ಳಿ. ಬಂಡೀಪುರ, ನಾಗರಹೊಳೆ ಸುತ್ತ 2015ರಿಂದ ವೈಲ್ಡ್ ಸೇವೆ ಅನ್ನೋ ಯೋಜನೆ ಅರ್ಜಿ ಹಾಕೋಕೆ ರೈತರಿಗೆ ನೆರವಾಗ್ತಿದೆ.

ಇದನ್ನೆಲ್ಲ ಒಬ್ಬರೇ ಮಾಡಿದರೆ ಅದು ವಿಸ್ಕಾನ್ಸಿನ್ ಬೇಟೆಗಾರನ ಒಂದು ಅಟ್ಟಣೆ ಇದ್ದ ಹಾಗೆ. ನಿಮ್ಮದು ಬಿಟ್ಟು ಇನ್ನೇನೂ ಕಾಣಲ್ಲ. ಊರಿನ ಹತ್ತು ಹುಡುಗರು ಹತ್ತು ಬದುವಿನ ಲೆಕ್ಕವನ್ನು ಒಂದೇ ವಾಟ್ಸಾಪ್ ಗುಂಪಿಗೆ ಹಾಕಿದರೆ ಒಂದು ಹಂಗಾಮಿನಲ್ಲಿ ಊರಿನ ನಕ್ಷೆಯೇ ಸಿಗುತ್ತೆ: ಯಾವ ಕಡೆಯಿಂದ ಬರ್ತಾವೆ, ಯಾವ ತಿಂಗಳು ಹೆಚ್ಚು, ಯಾವ ಬೆಳೆ ಮುಟ್ಟಲ್ಲ. ಸೌರ ಬೇಲಿಗೆ ಸಹಾಯಧನ ಕೇಳುವಾಗ, ಗ್ರಾಮಸಭೆಯಲ್ಲಿ ಎದ್ದು ನಿಂತಾಗ, "ಜಾಸ್ತಿಯಾಗಿದೆ ಸಾರ್" ಅನ್ನೋದಕ್ಕೂ "ಮೂವತ್ತು ಪಂಜರದಲ್ಲಿ ಇಷ್ಟು ಕಿಲೋ ವ್ಯತ್ಯಾಸ ಬಂದಿದೆ ಸಾರ್" ಅನ್ನೋದಕ್ಕೂ ಸಿಗೋ ಉತ್ತರ ಒಂದೇ ಆಗಿರಲ್ಲ.

ಮುಂದಿನ ಬಿತ್ತನೆಗೆ ಹನ್ನೆರಡು ಗೂಟ, ಮೂರು ಪಂಜರಕ್ಕಾಗೋಷ್ಟು ತಂತಿ ಬಲೆ, ಒಂದು ತೂಕದ ತಕ್ಕಡಿ ಹೊಂದಿಸಿಟ್ಟುಕೊಳ್ಳಿ. ಮೂರು ಜೋಡಿಯಿಂದ ಶುರು ಮಾಡಿ.