ಓಮ್ನಿಗೆ ಬ್ಯಾಟರಿ: ಹಿಂದಿನ ಪ್ಲೇಟು ಮರೆಯಬೇಡಿ

ತೋಟದ ಮನೆಗಳಲ್ಲಿ ಓಮ್ನಿಗೆ ಇನ್ನೂ ನಿವೃತ್ತಿ ಸಿಕ್ಕಿಲ್ಲ. 1984ರಲ್ಲಿ ಮಾರುತಿ ವ್ಯಾನ್ ಎಂದು ಬಂದ ಈ ಗಾಡಿಯ ತಯಾರಿ 2019ರಲ್ಲಿ ನಿಂತಿತು. ಆದರೂ ಹಿಂಡಿ ಮೂಟೆ, ಬಾಳೆಗೊನೆ, ಸುಲಿದ ಅಡಿಕೆ, ಮದುವೆಗೆ ಹೊರಟ ಮನೆಮಂದಿ – ಎಲ್ಲಕ್ಕೂ ಅದೇ. ಎಂಜಿನ್ ಕೆಲಸಕ್ಕೆ ಬಂದಾಗ 'ಇದನ್ನೇ ಕರೆಂಟಿನ ಗಾಡಿ ಮಾಡಿಸಿದರೆ ಹೇಗೆ?' ಎಂಬ ಯೋಚನೆ ಬರುವುದು ಸಹಜ. ಮಾತು ಮೋಟಾರಿನಿಂದ ಶುರುವಾಗಿ, ಒಂದು ಚಾರ್ಜಿಗೆ ಎಷ್ಟು ಕಿಲೋಮೀಟರ್ ಎಂಬಲ್ಲಿಗೆ ಮುಗಿಯುತ್ತದೆ. ಹಿಂದಿನ ಪ್ಲೇಟಿನ ಸುದ್ದಿ ಯಾರೂ ಎತ್ತುವುದಿಲ್ಲ. ಗುಡ್ಡದ ದಾರಿಯಲ್ಲಿ ಗಾಡಿ ನಾವು ಹೇಳಿದಂತೆ ಕೇಳಬೇಕಾದರೆ ಅದನ್ನು ನೋಡದೆ ಆಗದು.

ಪ್ಲೇಟಿಗೆ ಎರಡು ಕೆಲಸ

ಓಮ್ನಿಯ ಎಂಜಿನ್ ಮುಂದಿನ ಸೀಟಿನ ಅಡಿಯಲ್ಲಿ, ಎಳೆಯುವುದು ಹಿಂದಿನ ಚಕ್ರ. ಹಿಂದಿನ ಆಕ್ಸಲ್ ಹೌಸಿಂಗ್ ಎರಡೂ ಕಡೆ ಪ್ಲೇಟಿನ ಕಟ್ಟಿಗೆ ಯು ಬೋಲ್ಟಿನಿಂದ ಬಿಗಿದಿದೆ. ಹೊರೆ ಹೊರುವುದು ಪ್ಲೇಟಿನ ಒಂದು ಕೆಲಸ, ಇದು ಎಲ್ಲರಿಗೂ ಗೊತ್ತು. ಆಕ್ಸಲ್ಲನ್ನು ಅದರ ಜಾಗದಲ್ಲಿ ಹಿಡಿದಿಡುವುದು ಇನ್ನೊಂದು. ಚಕ್ರ ಮುಂದಕ್ಕೆ ತಿರುಗುವಾಗ ಹೌಸಿಂಗಿನ ಮೂತಿ ಮೇಲಕ್ಕೆ ಏಳಲು ನೋಡುತ್ತದೆ. ಅದನ್ನು ತಡೆಯುವುದೂ ಪ್ಲೇಟೇ. ಬ್ಯಾಟರಿ ಕಟ್ಟಿದಾಗ ಹೊರೆಯೂ ಬದಲಾಗುತ್ತದೆ, ಎಳೆತದ ರೀತಿಯೂ ಬದಲಾಗುತ್ತದೆ. ಹಾಗಾಗಿ ಎರಡೂ ಕೆಲಸಕ್ಕೆ ಪೆಟ್ಟು.

ಮೊದಲು ತೂಕ

ಬ್ಯಾಟರಿಯ ಸಾಮರ್ಥ್ಯವನ್ನೂ ನಮ್ಮ ಕರೆಂಟು ಬಿಲ್ಲಿನ ಯೂನಿಟ್ಟಿನಲ್ಲೇ ಹೇಳಬಹುದು. 15 ಯೂನಿಟ್ ಹಿಡಿಯುವ ಲಿಥಿಯಂ (ಎಲ್‌ಎಫ್‌ಪಿ) ಬ್ಯಾಟರಿ, ಪೆಟ್ಟಿಗೆ ಸಮೇತ, ಸುಮಾರು 120ರಿಂದ 150 ಕಿಲೋ ತೂಗುತ್ತದೆ. ಅಗ್ಗ ಎಂದು ಸೀಸದ ಬ್ಯಾಟರಿಗೆ ಹೋದರೆ ಅದೇ 15 ಯೂನಿಟ್ಟಿಗೆ 400 ಕಿಲೋ ಆಸುಪಾಸು. ಅಂದರೆ ಎಂಟು ಮೂಟೆ ಹಿಂಡಿಯನ್ನು ಇಳಿಸದೆಯೇ ದಿನವಿಡೀ ಓಡಿದಂತೆ!

ಎಂಜಿನ್ ಬಿಚ್ಚುವ ಮೊದಲು ಗಾಡಿಯನ್ನು ವೇ ಬ್ರಿಡ್ಜಿಗೆ ಒಯ್ಯಿರಿ. ಮುಂದಿನ ಚಕ್ರ ಮಾತ್ರ ಹತ್ತಿಸಿ ಒಂದು ತೂಕ, ಹಿಂದಿನದು ಮಾತ್ರ ನಿಲ್ಲಿಸಿ ಇನ್ನೊಂದು. ಚೀಟಿ ಜೋಪಾನ. ಕೆಲಸ ಮುಗಿದ ಮೇಲೆ ಮತ್ತೆ ಹೀಗೆಯೇ ತೂಗಿದರೆ ಎಲ್ಲಿ ಎಷ್ಟು ಏರಿತು, ಎಲ್ಲಿ ಇಳಿಯಿತು ಎಂದು ತಿಳಿಯುತ್ತದೆ.

ಬ್ಯಾಟರಿ ಎಲ್ಲಿಡುವುದು? ಎರಡು ಆಕ್ಸಲ್‌ಗಳ ನಡುವೆ, ಆದಷ್ಟು ತಗ್ಗಿನಲ್ಲಿ ಇದ್ದರೆ ಒಳ್ಳೆಯದು. ಡಿಕ್ಕಿಯಲ್ಲಿ ಜಾಗ ಇದೆ ಎಂದು ತೀರಾ ಹಿಂದೆ ಇಟ್ಟರೆ ತಕ್ಕಡಿಯ ಲೆಕ್ಕ ಶುರುವಾಗುತ್ತದೆ. ಹಿಂದಿನ ಆಕ್ಸಲ್ ಮೇಲೆ ಬ್ಯಾಟರಿಯ ತೂಕಕ್ಕಿಂತ ಜಾಸ್ತಿ ಭಾರ ಬೀಳುತ್ತದೆ, ಮೂತಿ ಹಗುರಾಗಿ ಸ್ಟೀರಿಂಗ್ ತೇಲುತ್ತದೆ.

ಮೂಟೆ ಇಟ್ಟು ಅಳೆಯಿರಿ

ಪ್ಲೇಟು ಎಷ್ಟು ಗಟ್ಟಿ ಎಂದು ಅಂಗಳದಲ್ಲೇ ನೋಡಬಹುದು. ಸಮತಟ್ಟು ಜಾಗದಲ್ಲಿ ಗಾಡಿ ನಿಲ್ಲಿಸಿ. ಹಿಂದಿನ ಚಕ್ರದ ನಡುಭಾಗದಿಂದ ನೇರ ಮೇಲಿನ ಬಾಡಿ ಅಂಚಿಗೆ ಟೇಪು ಹಿಡಿದು ಅಳತೆ ಬರೆಯಿರಿ. ಆಮೇಲೆ 50 ಕಿಲೋದ ನಾಲ್ಕು ಮೂಟೆ ಆಕ್ಸಲ್ಲಿನ ನೇರ ಮೇಲೆ ಬರುವಂತೆ ಇಟ್ಟು ಮತ್ತೆ ಅಳೆಯಿರಿ. ಉದಾಹರಣೆಗೆ 50 ಮಿಲಿಮೀಟರ್ ತಗ್ಗಿತು ಎಂದುಕೊಳ್ಳಿ. ಒಂದೊಂದು ಬದಿಗೆ ಬಿದ್ದದ್ದು 100 ಕಿಲೋ. ಅಂದರೆ 2 ಕಿಲೋಗೆ ಒಂದು ಮಿಲಿಮೀಟರ್. ಹಿಂದಿನ ಆಕ್ಸಲ್ ಮೇಲೆ 120 ಕಿಲೋ ಹೆಚ್ಚಾದರೆ ಬದಿಗೆ 60 ಕಿಲೋ, ಗಾಡಿ 30 ಮಿಲಿಮೀಟರ್ ಶಾಶ್ವತವಾಗಿ ಕೂತ ಹಾಗೆ.

ಈ 30 ಮಿಲಿಮೀಟರ್ ಸಣ್ಣದೆನಿಸಬಹುದು. ಆದರೆ ಹೊಂಡ ಸಿಕ್ಕಾಗ ಆಕ್ಸಲ್ ಮೇಲೇರುವ ಜಾಗ ಅಷ್ಟು ಕಮ್ಮಿಯಾಯಿತು. ಬಂಪ್ ರಬ್ಬರಿಗೆ ಬೇಗ ಬಡಿಯುತ್ತದೆ. ಹಿಂಭಾಗ ತಗ್ಗಿದಾಗ ಹೆಡ್‌ಲೈಟು ಆಕಾಶ ನೋಡುತ್ತದೆ, ಎದುರಿನವರ ಕಣ್ಣಿಗೆ ಹೊಡೆಯುತ್ತದೆ.

ದಪ್ಪ ಪ್ಲೇಟೇ ಮದ್ದಲ್ಲ

'ಇನ್ನೆರಡು ಪ್ಲೇಟು ಹಾಕಿ' ಎನ್ನುವುದು ಸುಲಭ. ಲೆಕ್ಕ ಮಾತ್ರ ಹಾಗಿಲ್ಲ. ಪ್ಲೇಟಿನ ಸಂಖ್ಯೆ ಹೆಚ್ಚಿದಂತೆ ಬಿಗಿ ಅದೇ ಪ್ರಮಾಣದಲ್ಲಿ ಹೆಚ್ಚುತ್ತದೆ. ದಪ್ಪ ಹೆಚ್ಚಿದರೆ ಹಾಗಲ್ಲ, ಅದು ಮೂರು ಸಲ ಗುಣಿಸಿದ ಲೆಕ್ಕ. 6 ಮಿಲಿಮೀಟರಿನ ಪ್ಲೇಟಿನ ಬದಲು 8ರದ್ದು ಹಾಕಿದರೆ ಆ ಪ್ಲೇಟಿನ ಬಿಗಿ ಎರಡು ಪಟ್ಟಿಗೂ ಮೀರಿ, ಸುಮಾರು 2.4 ಪಟ್ಟಾಗುತ್ತದೆ. ಖಾಲಿ ಗಾಡಿ ಕುಪ್ಪಳಿಸುತ್ತದೆ. ಕಲ್ಲಿನ ಓಣಿಯಲ್ಲಿ ಚಕ್ರ ನೆಲ ಬಿಟ್ಟರೆ ಬ್ರೇಕೂ ಇಲ್ಲ, ಎಳೆತವೂ ಇಲ್ಲ.

ಬ್ಯಾಟರಿ ಸದಾ ಇರುವ ಹೊರೆ. ಖಾಲಿ ಗಾಡಿಯ ಹಿಂಭಾಗದ ತೂಕ ಕಾಲು ಪಾಲು ಏರಿದರೆ, ಬಿಗಿಯೂ ಕಾಲು ಪಾಲು ಏರಿದರೆ ಸಾಕು. ಆಗ ಓಟದ ಹದ ಮೊದಲಿನಂತೆಯೇ ಇರುತ್ತದೆ. ಸ್ವಲ್ಪ ಎತ್ತರ ಬೇಕಿದ್ದರೆ ಪ್ಲೇಟಿನ ಬಾಗು ಹೆಚ್ಚಿಸಿಕೊಳ್ಳಬಹುದು. ಬಾಗು ಹೆಚ್ಚಿದರೆ ಗಾಡಿ ಏಳುತ್ತದೆ, ಬಿಗಿ ಹೆಚ್ಚುವುದಿಲ್ಲ. ಇದನ್ನು ಕುಲುಮೆಯ ಬೆಂಕಿಗಿಟ್ಟು ಮಾಡಿಸಬೇಡಿ. ಸ್ಪ್ರಿಂಗಿನ ಉಕ್ಕಿನ ಹದ ಬೆಂಕಿಗೆ ಇಳಿದುಹೋಗುತ್ತದೆ. ಪ್ಲೇಟಿನ ಕೆಲಸವೇ ಮಾಡುವ ಅಂಗಡಿಯಲ್ಲಿ ಮಾಡಿಸಿ, ಇಲ್ಲವೇ ಹೊಸ ಸೆಟ್ಟು ಹಾಕಿಸಿ.

ಪ್ಲೇಟು ಬದಲಾದರೆ ಶಾಕ್ ಅಬ್ಸಾರ್ಬರನ್ನೂ ನೋಡಬೇಕು. ಹಿಂದಿನ ಮೂಲೆಯನ್ನು ಬಲವಾಗಿ ಅದುಮಿ ಬಿಡಿ. ಒಮ್ಮೆ ಎದ್ದು ಕೂತರೆ ಸರಿ. ತೊಟ್ಟಿಲಿನಂತೆ ತೂಗುತ್ತಲೇ ಇದ್ದರೆ ಶಾಕ್ ಸೋತಿದೆ.

ಇನ್ನೊಂದು ಮಾತು ಗಟ್ಟಿಯಾಗಿಯೇ ಹೇಳಬೇಕು. ಪ್ಲೇಟು ಗಟ್ಟಿಯಾದ ಮಾತ್ರಕ್ಕೆ ಗಾಡಿ ಹೆಚ್ಚು ಹೊರಬಲ್ಲದು ಎಂದಲ್ಲ. ಆಕ್ಸಲ್, ಬೇರಿಂಗ್, ಬ್ರೇಕ್, ಟೈರು ಎಲ್ಲ ಹಳೆಯವೇ. ಗಾಡಿಗೆ ಗೊತ್ತುಮಾಡಿದ ಒಟ್ಟು ತೂಕದ ಮಿತಿಯೂ ಅದೇ. ಗಾಡಿಯಿಂದ ಇಳಿದ ಎಂಜಿನ್, ಪೆಟ್ರೋಲ್ ಟ್ಯಾಂಕಿನ ತೂಕ ಕಳೆದು, ಏರಿದ ತೂಕವಿಡೀ ನಿಮ್ಮ ಮೂಟೆಯ ಪಾಲಿನಿಂದಲೇ ಹೋಗುತ್ತದೆ. ಬೇಕಾದ ಹೊರೆಗೆ ಜಾಗ ಉಳಿಯದಿದ್ದರೆ ಈ ಬದಲಾವಣೆ ನಿಮಗೆ ಹೇಳಿದ್ದಲ್ಲ.

ಮೋಟಾರಿನ ಎಳೆತ

ಪೆಟ್ರೋಲ್ ಎಂಜಿನಿಗೆ ವೇಗ ಬರುವ ತನಕ ಬಲ ಇಲ್ಲ, ಕ್ಲಚ್ಚಿನಲ್ಲಿ ಸಂಭಾಳಿಸುತ್ತೇವೆ. ಮೋಟಾರು ನಿಂತಲ್ಲಿಂದಲೇ ಪೂರ್ತಿ ಬಲ ಹಾಕುತ್ತದೆ. ಏರಿನಲ್ಲಿ ಒಮ್ಮೆಲೇ ಅದುಮಿದರೆ ಪ್ಲೇಟು ಹಾವಿನಂತೆ ಬಳುಕಿ ಹೌಸಿಂಗಿನ ಮೂತಿ ಏಳುತ್ತದೆ, 'ಟಕ್' ಎಂದು ಸದ್ದು ಬರುತ್ತದೆ. ಹೀಗೇ ನಡೆದರೆ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ ಹೋಗುತ್ತದೆ. ಇದಕ್ಕೆ ಅಗ್ಗದ ಮದ್ದು ಕಬ್ಬಿಣವಲ್ಲ, ಕಂಟ್ರೋಲರ್. ಬಲ ನಿಧಾನವಾಗಿ ಏರುವಂತೆ ಅದರಲ್ಲಿ ಹೊಂದಿಸಲು ಆಗುತ್ತದೆ, ಕೇಳಿ ಮಾಡಿಸಿ. ಜತೆಗೆ ಯು ಬೋಲ್ಟ್, ಸೆಂಟರ್ ಬೋಲ್ಟ್, ಪ್ಲೇಟಿನ ಕ್ಲಿಪ್ಪು, ಬುಷ್ ಸರಿಯಿರಲಿ. ಹೊಸ ಯು ಬೋಲ್ಟನ್ನು ಕೆಲವು ದಿನ ಓಡಿಸಿದ ಮೇಲೆ ಮತ್ತೊಮ್ಮೆ ಬಿಗಿಸಬೇಕು.

ಶಾಫ್ಟಿನ ಎರಡು ಕೊನೆಯ ಕ್ರಾಸ್‌ಗಳಲ್ಲಿ ಕೋನ ಸಮ ಇರಬೇಕು. ಮೋಟಾರು ಕೂರಿಸುವಾಗ ಒಂದಿಷ್ಟು ಓರೆಯಾದರೂ, ಪ್ಲೇಟಿನ ಎತ್ತರ ಬದಲಾದರೂ ಈ ಸಮ ತಪ್ಪಿ ಗಾಡಿ ನಡುಗುತ್ತದೆ. ಬ್ಯಾಟರಿ ಹೊತ್ತು ಗಾಡಿ ನೆಲದ ಮೇಲೆ ನಿಂತಾಗಲೇ ಅಳೆಯಬೇಕು, ಜಾಕಿನ ಮೇಲಲ್ಲ.

ಇಳಿಜಾರಿನಲ್ಲಿ ಎಚ್ಚರ

ಕಾಲು ಬಿಟ್ಟಾಗ ಮೋಟಾರೇ ತಡೆ ಹಾಕಿ ಕರೆಂಟು ಹುಟ್ಟಿಸುತ್ತದೆ. ಓಮ್ನಿಯಲ್ಲಿ ಈ ತಡೆ ಹಿಂದಿನ ಚಕ್ರಕ್ಕೆ ಮಾತ್ರ. ಮಳೆಗಾಲದ ಜಾರು ಮಣ್ಣಿನಲ್ಲಿ ಅದು ಜೋರಾದರೆ ಹಿಂಭಾಗ ಪಕ್ಕಕ್ಕೆ ಹೋಗುತ್ತದೆ. ಅದನ್ನು ಮೆಲ್ಲಗಿರುವಂತೆ ಇಡಿಸಿ. ಬ್ಯಾಟರಿ ತುಂಬಿದ್ದರೆ ಈ ತಡೆ ಸಿಗುವುದೇ ಇಲ್ಲ. ಗುಡ್ಡದ ಮೇಲಿನ ಮನೆಯಲ್ಲಿ ರಾತ್ರಿ ಪೂರ್ತಿ ಚಾರ್ಜು ಮಾಡಿ ಬೆಳಗ್ಗೆ ಇಳಿಯುವವರಿಗೆ ಬ್ರೇಕೊಂದೇ ಗತಿ. ಸ್ವಲ್ಪ ಕಮ್ಮಿ ಚಾರ್ಜಿನಲ್ಲೇ ನಿಲ್ಲಿಸುವುದು ಜಾಣತನ.

ಕಾಗದಪತ್ರ

1988ರ ಮೋಟಾರು ವಾಹನ ಕಾಯ್ದೆಯ 52ನೇ ವಿಧಿಯಂತೆ ಇಂಥ ಬದಲಾವಣೆಗೆ ಆರ್‌ಟಿಒ ಒಪ್ಪಿಗೆ ಬೇಕು. ಕಿಟ್ಟು ಪರೀಕ್ಷೆಯಾಗಿ ಮಂಜೂರಾದದ್ದೇ ಆಗಿರಬೇಕು, ಆರ್‌ಸಿಯಲ್ಲಿ ಇಂಧನ ಬದಲಾಗಬೇಕು. ಇಲ್ಲದಿದ್ದರೆ ಅಪಘಾತವಾದ ದಿನ ವಿಮೆಯವರು ಮೊದಲು ಕೇಳುವ ಪ್ರಶ್ನೆಯೇ ಇದು.

ಗಾಡಿ ಕೈಗೆ ಬಂದ ಮೇಲೆ ಮೂರು ಬಾರಿ ಓಡಿಸಿ ನೋಡಿ: ಖಾಲಿಯಾಗಿ ಒಮ್ಮೆ, ಅರ್ಧ ಹೊರೆಯಲ್ಲಿ ಒಮ್ಮೆ, ಪೂರ್ತಿ ಹೊರೆಯಲ್ಲಿ ಒಮ್ಮೆ. ಅದೇ ಏರು, ಅದೇ ಇಳಿಜಾರು. ಪ್ರತಿ ಸಲ ಇಳಿದು ಬಂಪ್ ರಬ್ಬರಿನಲ್ಲಿ ಬಡಿದ ಗುರುತು, ಬ್ರೇಕ್ ಹೋಸಿನ ಸೆಳೆತ, ಟೈರು ಬಾಡಿಗೆ ತಾಗಿದೆಯೇ ನೋಡಿ. ಈ ಮೂರೂ ಸರಿ ಬಂದ ಮೇಲೆ ಮನೆಮಂದಿಯನ್ನು ಕೂರಿಸಿಕೊಂಡು ಪೇಟೆಗೆ ಹೋಗಬಹುದು.